ತಾಂಬೂಲದಲ್ಲಿ ಎಷ್ಟಿತ್ತು?

ನಾಲ್ಕು ಮನೆಗೆ ಫೋನ್ ಮಾಡಿ, ಇನ್ನೊಂದಕ್ಕೆ ನಡೆದೇ ಹೋಗಿ, ಅವತ್ತು ನನ್ನ ತಾಂಬೂಲದಲ್ಲಿ ಎಷ್ಟು ದುಡ್ಡು ಇಟ್ಟಿದ್ದಿರಿ ಎಂದು ಕೇಳಿದ ಹೆಂಗಸು ಈ ಷಿಕಾಗೋ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಆಗ ನನಗೆ ಐವತ್ತಮೂರು ವರ್ಷ. ನನ್ನ ಅಮ್ಮ ಬದುಕಿದ್ದು ಇದನ್ನು ಕೇಳಿಸಿಕೊಂಡಿದ್ದರೆ ಫೋನು ಕಿತ್ತುಕೊಂಡು ಬೆನ್ನಿಗೆ ಒಂದು ಬಿಡುತ್ತಿದ್ದಳು. ಆದರೆ ಆ ದಿನಗಳಲ್ಲಿ ನನಗೆ ನಾಚಿಕೆಗಿಂತ ಹೆದರಿಕೆ ದೊಡ್ಡದಾಗಿತ್ತು. ಯಾಕೆ ಅನ್ನುವುದನ್ನು ಮೊದಲಿನಿಂದಲೇ ಹೇಳುತ್ತೇನೆ.

ಶಾಮ್‌ಬರ್ಗಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಜನ. ಗಂಡ ಸಿಟಿಜನ್, ಮಗಳು ಇಲ್ಲೇ ಹುಟ್ಟಿದವಳು, ನಾನೊಬ್ಬಳು ಗ್ರೀನ್ ಕಾರ್ಡು. ನೀನೂ ಅಪ್ಲೈ ಮಾಡೇ ಎಂದು ನನ್ನ ಗಂಡ ವರ್ಷಗಟ್ಟಲೆ ಬಡಕೊಂಡರೂ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿದವಳು ಮೈಸೂರಿಗೆ ಹೋಗಲು ವೀಸಾ ಕೇಳಬೇಕೇ ಎಂಬ ಹಟ ನನ್ನದು. ಆಮೇಲೆ ಕಾಲ ಕೆಟ್ಟಿತು. ಗ್ರೀನ್ ಕಾರ್ಡಿನವರನ್ನೂ ಏರ್‌ಪೋರ್ಟಿನಲ್ಲಿ ತಡೆದು ಕೂರಿಸುತ್ತಾರಂತೆ, ಹಳೆಯ ತಪ್ಪು ಕೆದಕುತ್ತಾರಂತೆ ಎಂದು ಮನೆಮನೆಯಲ್ಲೂ ಮಾತು. ನನ್ನ ಹಟ ಇಳಿಯಿತು. ಸಿಟಿಜನ್‌ಷಿಪ್ಪಿಗೆ ಅರ್ಜಿ ಹಾಕಿದೆ. ಸರ್ಕಾರದ ನೆರವು ಪಡೆಯಲು ಎಂದಾದರೂ ಸುಳ್ಳು ಮಾಹಿತಿ ಕೊಟ್ಟಿದ್ದೀರಾ ಎಂದು ಅದರಲ್ಲೊಂದು ಪ್ರಶ್ನೆ ಇತ್ತು. ಇಲ್ಲ ಎಂದು ಟಿಕ್ ಮಾಡುವಾಗ ನನಗೆ ನಗು ಬಂದಿತ್ತು.

ಅರ್ಜಿ ಹಾಕಿ ಎರಡು ತಿಂಗಳಿಗೆ ನನ್ನ ಕೆಲಸ ಹೋಯಿತು. ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಹದಿನಾಲ್ಕು ವರ್ಷದ ನೌಕರಿಯನ್ನು ವಿಡಿಯೋ ಕಾಲಿನಲ್ಲಿ ಹದಿನೈದು ನಿಮಿಷಕ್ಕೆ ಮುಗಿಸಿದರು. ಜನವರಿ ತಿಂಗಳು, ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್. ಒಂದು ವಾರ ನಾನು ಕರ್ಟನ್ ತೆಗೆಯಲಿಲ್ಲ. ಆಮೇಲೆ ಮಗಳೇ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಅನ್‌ಎಂಪ್ಲಾಯ್‌ಮೆಂಟಿಗೆ, ಅಂದರೆ ಕೆಲಸ ಹೋದವರಿಗೆ ಸರ್ಕಾರ ಕೊಡುವ ಭತ್ಯೆಗೆ, ಅಪ್ಲೈ ಮಾಡಿಸಿದಳು.

ಆ ದುಡ್ಡು ಸುಮ್ಮನೆ ಬರುವುದಿಲ್ಲ. ಎರಡು ವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೆಲಸ ಹುಡುಕಿದಿರಾ? ಕೆಲಸ ಮಾಡುವ ಸ್ಥಿತಿಯಲ್ಲಿ ಇದ್ದಿರಾ? ಈ ವಾರ ಏನಾದರೂ ಕೆಲಸ ಮಾಡಿದಿರಾ, ಮಾಡಿದ್ದರೆ ಎಷ್ಟು ಗಳಿಸಿದಿರಿ? ಕೊನೆಯಲ್ಲಿ, ಸುಳ್ಳು ಹೇಳಿದರೆ ಶಿಕ್ಷೆ ಉಂಟೆಂದು ನನಗೆ ಗೊತ್ತಿದೆ ಎಂಬ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಪ್ರತಿ ಸಲ ಆ ಚೌಕದ ಹತ್ತಿರ ಬಂದಾಗ ಟಿಕ್ ಹಾಕುವ ಮುಂಚೆ ಬರೆದದ್ದನ್ನೆಲ್ಲ ಮೇಲಿನಿಂದ ಇನ್ನೊಂದು ಸಲ ಓದುತ್ತಿದ್ದೆ.

ಫೆಬ್ರವರಿಯಲ್ಲಿ ಮನೆ ಹತ್ತಿರದ ಇಂಡಿಯನ್ ಗ್ರೋಸರಿಯಲ್ಲಿ ಪಾರ್ಟ್ ಟೈಮ್ ಕೆಲಸ ಸಿಕ್ಕಿತು. ವಾರಕ್ಕೆ ಮೂರು ದಿನ ಮಧ್ಯಾಹ್ನ. ಬೆಂಡೇಕಾಯಿ, ಕರಿಬೇವು ಜೋಡಿಸುವುದು, ಜನ ಹೆಚ್ಚಾದರೆ ಕೌಂಟರಿನಲ್ಲಿ ನಿಲ್ಲುವುದು. ಪಾರ್ಟ್ ಟೈಮ್ ಮಾಡಬಾರದು ಅಂತೇನಿಲ್ಲ, ಆದರೆ ಗಳಿಸಿದ್ದನ್ನು ಹೇಳಬೇಕು. ಒಂದಿಷ್ಟನ್ನು ಬಿಟ್ಟು, ಅದರ ಮೇಲಿನದನ್ನು ಅವರು ಕೊಡುವುದರಲ್ಲಿ ಮುರಿದುಕೊಳ್ಳುತ್ತಾರೆ. ಸಂಬಳ ಕೈಗೆ ಬಂದ ವಾರಕ್ಕಲ್ಲ, ದುಡಿದ ವಾರಕ್ಕೇ ಬರೆಯಬೇಕು ಎಂಬ ನಿಯಮವನ್ನು ನಾನು ಮೂರು ಸಲ ಓದಿ ಅರ್ಥ ಮಾಡಿಕೊಂಡೆ. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ, ಹೋದ ಹೊತ್ತು ಬಂದ ಹೊತ್ತು ನಿಮಿಷ ಸಮೇತ ಬರೆಯುತ್ತಿದ್ದೆ. ನನ್ನ ಗಂಡ ಅದನ್ನು ನೋಡಿ, ನೀನು ಪಂಚಾಂಗ ಬರೀಬೇಕಾಗಿತ್ತು ಕಣೇ ಎಂದು ರೇಗಿಸುತ್ತಿದ್ದರು.

ಇಷ್ಟು ಹುಷಾರಿನವಳು ಎಡವಿದ್ದು ಎಲ್ಲಿ ನೋಡಿ. ಮಾರ್ಚಿನಲ್ಲಿ ವೆಸ್ಟ್‌ಮಂಟಿನ ಒಬ್ಬರು ಡಾಕ್ಟರಮ್ಮ ಫೋನ್ ಮಾಡಿದರು. ಧಾರವಾಡದ ಕಡೆಯವರು, ಇಪ್ಪತ್ತು ವರ್ಷದ ಗೆಳೆತನ. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ನಲವತ್ತು ಜನಕ್ಕೆ ಊಟ, ಅಡುಗೆಗೆ ಒಪ್ಪಿಕೊಂಡವರು ಕೈಕೊಟ್ಟಿದ್ದರು. ನನಗೆ ಮನೆಯಲ್ಲಿ ಕೂತು ತಲೆ ಕೆಟ್ಟಿತ್ತು, ಬರುತ್ತೇನೆ ಎಂದೆ. ಹಿಂದಿನ ದಿನವೇ ಹೋಗಿ ಹೂರಣ ರುಬ್ಬಿಟ್ಟು, ಮಾರನೆಯ ದಿನ ಹೊತ್ತಿಗೆ ಸರಿಯಾಗಿ ಒಬ್ಬಟ್ಟು, ಕೋಸಂಬರಿ, ಪುಳಿಯೋಗರೆ ಎಲ್ಲ ಮಾಡಿದೆ. ಹೊರಡುವಾಗ ಅವರು ಕುಂಕುಮ ಕೊಟ್ಟು ಉಡಿ ತುಂಬಿದರು. ನಮ್ಮ ಕಡೆ ತಾಂಬೂಲ ಅನ್ನುವುದಕ್ಕೆ ಅವರ ಕಡೆ ಉಡಿ ತುಂಬುವುದು. ತೆಂಗಿನಕಾಯಿ, ಎಲೆ ಅಡಿಕೆ, ಬ್ಲೌಸ್ ಪೀಸು, ಅದರ ಕೆಳಗೆ ಒಂದು ಕವರು. ಕೊಟ್ಟವರ ಎದುರು ಕವರು ತೆಗೆದು ನೋಡುವ ಸಂಪ್ರದಾಯ ನಮ್ಮಲ್ಲಿಲ್ಲ. ಬೇಡ ಅನ್ನುವ ಹಾಗೂ ಇಲ್ಲ, ಮುತ್ತೈದೆ ತಾಂಬೂಲ ಬೇಡ ಅನ್ನಬಾರದು. ಮನೆಗೆ ಬಂದು ಕಾಯಿಯನ್ನು ಅಡುಗೆಮನೆಯಲ್ಲಿಟ್ಟೆ, ಕವರನ್ನು ದೇವರ ಮುಂದಿನ ಡಬ್ಬಿಗೆ ಹಾಕಿದೆ.

ಆ ಊಟ ಬಾಯಿಂದ ಬಾಯಿಗೆ ಹರಡಿತು. ಇನ್ನೊಂದು ಮನೆಯಲ್ಲಿ ಗೃಹಪ್ರವೇಶ, ಮತ್ತೊಂದರಲ್ಲಿ ನಾಮಕರಣ, ಯುಗಾದಿಗೆ ಒಂದು ಮನೆ. ಎಲ್ಲರೂ, ಆಂಟಿ ನೀವೇ ಬರಬೇಕು ಅನ್ನುವವರೇ. ಎಲ್ಲ ಕಡೆಯೂ ತಾಂಬೂಲ, ಎಲ್ಲ ತಾಂಬೂಲದಲ್ಲೂ ಕವರು. ಎರಡು ವಾರಕ್ಕೊಮ್ಮೆ ಕಂಪ್ಯೂಟರಿನ ಮುಂದೆ ಕೂತಾಗ ಗ್ರೋಸರಿಯದನ್ನು ಮಾತ್ರ ಬರೆದೆ. ಗೊತ್ತೇ ಇರಲಿಲ್ಲ ಅಂದರೆ ಪೂರ್ತಿ ನಿಜವಾಗುವುದಿಲ್ಲ. ಮೂರನೆಯ ಮನೆಯ ಕವರು ಕೈಗೆ ದಪ್ಪ ಸಿಕ್ಕಿತ್ತು. ತಾಂಬೂಲಕ್ಕೆ ಅಷ್ಟು ಇಡುವುದಿಲ್ಲ ಅಂತ ನನ್ನ ಬೆರಳಿಗೆ ಗೊತ್ತಾಗಿತ್ತು. ಆದರೆ ಅದನ್ನು ಕೂಲಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ, ತಲೆಯೂ ಅದರ ತಂಟೆಗೆ ಹೋಗಲಿಲ್ಲ.

ಐದನೆಯದು ಮೇ ತಿಂಗಳಲ್ಲಿ. ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಇರುವ ಬೆಂಗಳೂರಿನ ಹುಡುಗಿಯ ಸೀಮಂತ. ಗಂಡ ಎಚ್-ಒನ್ ವೀಸಾದಲ್ಲಿ ಕನ್ಸಲ್ಟೆಂಟು, ಇವಳು ಅವನ ವೀಸಾದ ಮೇಲೆ ಬಂದ ಡಿಪೆಂಡೆಂಟು. ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ನಮ್ಮ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕೂತು, ಏನೇನು ಮಾಡಬೇಕು ಅಂತಲೂ ನನಗೆ ಗೊತ್ತಿಲ್ಲ ಆಂಟಿ ಎಂದು ಅತ್ತಳು. ನಾನು ಇಂಡಿಯನ್ ಅಂಗಡಿಗಳ ಡೆವನ್ ಅವೆನ್ಯೂವಿಗೆ ಹೋಗಿ ಹಸಿರು ಬಳೆ, ವೀಳ್ಯದೆಲೆ ತಂದೆ. ತಾಯಿಯ ಸ್ಥಾನದಲ್ಲಿ ನಿಂತು ಮಡಿಲು ತುಂಬಿದೆ. ಅಡುಗೆಯೂ ನನ್ನದೇ. ಸಂಜೆ ಅವಳು ಕಷ್ಟಪಟ್ಟು ಬಗ್ಗಿ ಕಾಲಿಗೆ ನಮಸ್ಕಾರ ಮಾಡಿ ತಾಂಬೂಲ ಕೊಟ್ಟಳು. ಅದರಲ್ಲೂ ಕವರಿತ್ತು.

ಜೂನಿನಲ್ಲಿ ಅನ್‌ಎಂಪ್ಲಾಯ್‌ಮೆಂಟ್ ಆಫೀಸಿನಿಂದ ಕಾಗದ ಬಂತು. ನೀವು ತಿಳಿಸಿದ ಗಳಿಕೆಗೂ ನಮ್ಮಲ್ಲಿರುವ ಮಾಹಿತಿಗೂ ವ್ಯತ್ಯಾಸವಿದೆ, ಇಂಥ ದಿನ ಇಷ್ಟು ಹೊತ್ತಿಗೆ ಫೋನಿನಲ್ಲಿ ವಿಚಾರಣೆ ಎಂದಿತ್ತು. ಮೇಲ್‌ಬಾಕ್ಸಿನ ಹತ್ತಿರವೇ ನಿಂತು ಓದಿದೆ. ಬಿಸಿಲಿನಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ಓದುತ್ತಿದ್ದವಳನ್ನು ನೋಡಿ ಪೋಸ್ಟಿನವನು, ಆರ್ ಯೂ ಓಕೆ ಎಂದು ಕೇಳಿದ. ಮನೆಯೊಳಗೆ ಬಂದವಳೇ ಮೊದಲು ಹುಡುಕಿದ್ದು ನನ್ನ ಗ್ರೀನ್ ಕಾರ್ಡನ್ನು. ಅದು ಇಟ್ಟಲ್ಲೇ ಇತ್ತು. ಆದರೂ ಅವತ್ತಿನಿಂದ ಅದನ್ನು ಎದೆಗೆ ಒತ್ತಿಕೊಂಡ ಹಾಗೆ ಪರ್ಸಿನಲ್ಲಿಟ್ಟುಕೊಂಡೇ ತಿರುಗಾಡಿದೆ, ಬಚ್ಚಲಿಗೆ ಹೋದಾಗಲೂ ಪರ್ಸು ಜೊತೆಗೆ.

ವಿಚಾರಣೆಯ ದಿನ ನನ್ನ ಗಂಡ ರಜ ಹಾಕಿ ಎದುರಿಗೆ ಕೂತರು. ಫೋನು ಸ್ಪೀಕರಿನಲ್ಲಿ. ಆ ಕಡೆಯ ಹೆಂಗಸಿನ ದನಿ ಮೆತ್ತಗಿತ್ತು, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಮಾತನ್ನು ರೆಕಾರ್ಡ್ ಮಾಡುತ್ತಿದ್ದೇವೆ, ಸತ್ಯವನ್ನೇ ಹೇಳುತ್ತೇನೆಂದು ಒಪ್ಪುತ್ತೀರಾ ಎಂದು ಕೇಳಿದಳು. ಒಪ್ಪಿದೆ. ತಪ್ಪಾಗಿದ್ದು ಗ್ರೋಸರಿಯದೇ. ಮೊದಲ ಒಂದು ತಿಂಗಳು ನಾನು ಟ್ಯಾಕ್ಸ್ ಮುರಿದು ಕೈಗೆ ಬಂದದ್ದನ್ನು ಬರೆದಿದ್ದೆ, ಮುರಿಯುವ ಮೊದಲಿನದನ್ನು ಬರೆಯಬೇಕಿತ್ತು. ಅಷ್ಟೇನಾ ಎಂದು ಜೀವ ಬಂದ ಹಾಗಾಯಿತು. ಐದು ನಿಮಿಷದಲ್ಲಿ ಆ ವಿಷಯ ಮುಗಿಯಿತು. ನನ್ನ ಗಂಡ ಹೆಬ್ಬೆಟ್ಟು ಎತ್ತಿ ತೋರಿಸಿದರು.

ಆಮೇಲೆ ಅವಳು, ಎಲ್ಲರಿಗೂ ಕೇಳುವ ಇನ್ನೊಂದು ಪ್ರಶ್ನೆ ಎಂದಳು. ಈ ತಿಂಗಳುಗಳಲ್ಲಿ ಬೇರೆ ಯಾರಿಗಾದರೂ ಏನಾದರೂ ಕೆಲಸ ಮಾಡಿಕೊಟ್ಟು, ಅದಕ್ಕೆ ನಗದನ್ನಾಗಲಿ, ಉಡುಗೊರೆಯನ್ನಾಗಲಿ, ಬೆಲೆಬಾಳುವ ಯಾವುದೇ ವಸ್ತುವನ್ನಾಗಲಿ ಪಡೆದಿದ್ದೀರಾ?

ಬೆಲೆಬಾಳುವ ಯಾವುದೇ ವಸ್ತು ಅಂದಳಲ್ಲ, ಐದು ತೆಂಗಿನಕಾಯಿ, ಐದು ಬ್ಲೌಸ್ ಪೀಸು, ಐದು ಕವರು ಸಾಲಾಗಿ ಕಣ್ಣ ಮುಂದೆ ಬಂದವು. ನನ್ನ ಗಂಡ ಎರಡೂ ಕೈ ಆಡಿಸಿ ಇಲ್ಲ ಅನ್ನು, ಇಲ್ಲ ಅನ್ನು ಎಂದು ಸನ್ನೆ ಮಾಡುತ್ತಿದ್ದರು. ನಾನು ಹೌದು ಅಂದೆ. ಇದನ್ನು ಕೇಳಿದವರು ಎಷ್ಟು ಪ್ರಾಮಾಣಿಕಳು ಅನ್ನುತ್ತಾರೆ. ಸುಳ್ಳು. ನಾನು ನಿಜ ಹೇಳಿದ್ದು ಹೆದರಿಕೆಗೆ. ರೆಕಾರ್ಡ್ ಆಗುತ್ತಿದೆ, ಅವಳಿಗೆ ಮೊದಲೇ ಗೊತ್ತಿದೆ, ಗೊತ್ತಿದ್ದೇ ಕೇಳುತ್ತಿದ್ದಾಳೆ ಅನ್ನಿಸಿಬಿಟ್ಟಿತು. ಐದು ಮನೆಯಲ್ಲಿ ಪೂಜೆಗೆ ಅಡುಗೆ ಮಾಡಿದೆ, ಅವರು ಸಂಪ್ರದಾಯದಂತೆ ಉಡುಗೊರೆ ಕೊಟ್ಟರು, ಒಳಗೆ ದುಡ್ಡಿತ್ತು ಎಂದು ಇಂಗ್ಲಿಷಿನಲ್ಲಿ ತಡವರಿಸಿದೆ. ಎಷ್ಟಿತ್ತು ಎಂದಳು. ಗೊತ್ತಿಲ್ಲ ಎಂದೆ. ಆ ಕಡೆ ಟೈಪ್ ಮಾಡುವ ಸದ್ದು ನಿಂತಿತು. ನಿಮಗೆ ಎಷ್ಟು ಕೊಟ್ಟರೆಂದು ನಿಮಗೇ ಗೊತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದಳು.

ಒಂದು ಫಾರಂ ಕಳಿಸಿದಳು. ಕೊಟ್ಟವರ ಹೆಸರು, ವಿಳಾಸ, ತಾರೀಖು, ಮೊತ್ತ. ಹತ್ತು ದಿನದೊಳಗೆ ತುಂಬಿ ಕಳಿಸಬೇಕು.

ಇಮಿಗ್ರೇಷನ್ ಲಾಯರಿಗೆ ಫೀಸು ಕೊಟ್ಟು ಅರ್ಧ ಗಂಟೆ ಮಾತಾಡಿದೆವು. ತಿಳಿಯದೆ ಮಾಡಿದ ತಪ್ಪು ಎಂದು ಆಫೀಸಿನವರು ಬರೆದರೆ ಹೆಚ್ಚು ಬಂದದ್ದನ್ನು ವಾಪಸ್ ಕಟ್ಟಿ ಮುಗಿಸಬಹುದು, ಮೋಸ ಎಂದು ಬರೆದರೆ ಸಿಟಿಜನ್‌ಷಿಪ್ ಅರ್ಜಿ ಹೋದ ಹಾಗೇ, ಗ್ರೀನ್ ಕಾರ್ಡಿಗೂ ಕುತ್ತು ಬರಬಹುದು ಎಂದರು. ಈಗ ಏನೂ ಮುಚ್ಚಿಡಬೇಡಿ ಎಂದೂ ಹೇಳಿದರು. ಅವತ್ತಿನಿಂದ ನನ್ನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಮಗಳು, ಇಟ್ ವಿಲ್ ಬಿ ಫೈನ್ ಅಮ್ಮ ಅನ್ನುತ್ತಿದ್ದಳು. ನೀನು ಇಲ್ಲಿ ಹುಟ್ಟಿದವಳು, ನಿನ್ನನ್ನು ಯಾರು ಏನು ಮಾಡುತ್ತಾರೆ, ಸುಮ್ಮನಿರು ಎಂದು ಅವಳ ಮೇಲೆ ಹರಿಹಾಯ್ದೆ. ಆಮೇಲೆ ಅವಳ ಮುಖ ನೋಡಲಾರದೆ ಪಾತ್ರೆ ತೊಳೆದೆ. ಅವಳನ್ನೂ ಅವರಪ್ಪನನ್ನೂ ಇಲ್ಲೇ ಬಿಟ್ಟು ನನ್ನೊಬ್ಬಳನ್ನು ಕಳಿಸುತ್ತಾರೆ ಅನ್ನುವುದನ್ನು ಬಿಟ್ಟು ಬೇರೆ ಯೋಚನೆಯೇ ಬರುತ್ತಿರಲಿಲ್ಲ.

ದೇವರ ಡಬ್ಬಿಯಲ್ಲಿ ಎಲ್ಲ ನೋಟುಗಳೂ ಒಂದಾಗಿ ಹೋಗಿದ್ದವು, ಮಧ್ಯೆ ಒಂದೆರಡು ಸಲ ನಾನೇ ತೆಗೆದು ತರಕಾರಿಗೆ ಖರ್ಚು ಮಾಡಿದ್ದೆ. ಹಾಗಾಗಿ ಕೊಟ್ಟವರನ್ನೇ ಕೇಳಬೇಕಾಯಿತು. ಮೊದಲು ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಮೊಮ್ಮಗುವಿನ ವಿಷಯ, ಮಂಡಿನೋವಿನ ವಿಷಯ ಎಲ್ಲ ಮಾತಾಡಿ ಕೊನೆಗೆ ಕೇಳಿದೆ.

"ಉಡಿ ತುಂಬಿದ್ದನ್ನ ಯಾರರೆ ಲೆಕ್ಕಾ ಇಡ್ತಾರೇನ್ರೀ? ನಾ ನಿಮಗ ಪಗಾರ ಕೊಟ್ಟಿಲ್ಲ. ಕೊಟ್ಟೀನಂತ ಬರದ್ರ ನೀವು ನಮ್ಮನಿ ಅಡಗಿಯವರಾದ್ರಿ, ಗೆಳತಿ ಅಲ್ಲ."

ಆದರೂ ಮೊತ್ತ ಹೇಳಿದರು. ಹೇಳಿ, ಒಲೆ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟರು. ಉಳಿದ ಮೂರು ಮನೆಯವರೂ ಒಬ್ಬೊಬ್ಬರು ಒಂದೊಂದು ರಾಗ ಎಳೆದರು. ಒಬ್ಬರು ನಾವು ಏನೂ ಇಟ್ಟೇ ಇಲ್ಲವಲ್ಲ ಅಂದರು. ಒಬ್ಬರು ಗಂಡನನ್ನು ಕೇಳಿ ಹೇಳುತ್ತೇನೆ ಎಂದು, ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಬರೀ ಒಂದು ಸಂಖ್ಯೆ ಕಳಿಸಿದರು. ಇನ್ನೊಬ್ಬರು ನಮ್ಮ ಹೆಸರು ಯಾಕೆ ಎಳೆದಿರಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತ್ತು. ಎರಡು ಕೈಯಲ್ಲಿ ಒಬ್ಬಟ್ಟು ತಿನ್ನುವಾಗ ಈ ಬಾಯಿ ಎಲ್ಲಿತ್ತು ಅನ್ನಬೇಕೆನ್ನಿಸಿತು. ಅನ್ನಲಿಲ್ಲ. ಅವರಿಂದ ನನಗೆ ಮೊತ್ತ ಬೇಕಾಗಿತ್ತು. ಬಿಡದೆ ಕೇಳಿ ಮೂರೂ ಮನೆಯದನ್ನು ಹೊರಡಿಸಿದೆ.

ಸೀಮಂತದ ಹುಡುಗಿಯ ಮನೆಗೆ ನಡೆದೇ ಹೋದೆ. ಆಗ ಅವಳಿಗೆ ದಿನ ತುಂಬುತ್ತಿತ್ತು, ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ನನ್ನನ್ನು ನೋಡಿ ಖುಷಿಯಿಂದ ಕಾಫಿಗೆ ನೀರಿಟ್ಟಳು. ವಿಷಯ ಹೇಳುತ್ತ ಹೋದ ಹಾಗೆ ಅವಳ ಮುಖ ಬಿಳಿಚಿಕೊಂಡಿತು. ಮೊತ್ತವನ್ನು ತಕ್ಷಣ ಹೇಳಿದಳು, ಆದರೆ ನನ್ನ ಕೈ ಹಿಡಿದುಕೊಂಡಳು.

"ಆಂಟಿ, ನಮ್ ಹೆಸರು ಬರೀಬೇಡಿ. ನಿಮಗೆ ಗ್ರೀನ್ ಕಾರ್ಡಾದ್ರೂ ಇದೆ. ನಮ್ದು ಬರೀ ವೀಸಾ. ಅವ್ರದ್ದು ಎಕ್ಸ್‌ಟೆನ್ಷನ್ ಅಪ್ಲೈ ಮಾಡಿದೀವಿ, ಇನ್ನೂ ಬಂದಿಲ್ಲ."

ನಿನಗೇನೂ ಆಗಲ್ಲಮ್ಮ, ತಪ್ಪು ನನ್ನದು, ಕೊಟ್ಟವರದಲ್ಲ ಎಂದೆ. ಲಾಯರೂ ಹಾಗೇ ಹೇಳಿದ್ದರು. ಅವಳು ತಲೆಯಾಡಿಸಿದಳು, ಆದರೆ ನಂಬಲಿಲ್ಲ. ನಂಬದ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು, ತಿಂಗಳಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ. ನೋಡ್ತೀನಿ ಎಂದು ಹೇಳಿ ಎದ್ದು ಬಂದೆ.

ಫಾರಂ ತುಂಬುವಾಗ ನಾಲ್ಕು ಹೆಸರು ಬರೆದೆ. ಐದನೆಯ ಸಾಲಿನಲ್ಲಿ ಪೆನ್ನು ನಿಂತಿತು. ನಾಲ್ಕೇ ಅಂದುಬಿಡು, ಮರೆತಿದ್ದೆ ಅನ್ನು ಎಂದು ನನ್ನ ಗಂಡ ಅಂದರು. ಆದರೆ ಫೋನಿನಲ್ಲಿ ನಾನು ಐದು ಎಂದಿದ್ದೆ. ಅದು ರೆಕಾರ್ಡ್ ಆಗಿತ್ತು. ಐದು ಎಂದವಳು ನಾಲ್ಕು ಬರೆದರೆ ಅದೇ ಮೋಸ ಆಗುತ್ತದೆ. ಬೇಕಿದ್ದರೆ ಇನ್ನೊಂದು ಸಲ ಆಫೀಸಿಗೆ ಫೋನ್ ಮಾಡಿ, ಹೆಸರು ಕೊಡದೆ ಮೊತ್ತ ಮಾತ್ರ ಕೊಟ್ಟರೆ ಆಗುತ್ತದೆಯೇ ಎಂದು ಕೇಳಬಹುದಿತ್ತು. ಕೇಳುವ ಧೈರ್ಯ ಬರಲಿಲ್ಲ. ಅವಳ ಪೂರ್ತಿ ಹೆಸರು, ಅಪಾರ್ಟ್‌ಮೆಂಟಿನ ನಂಬರು ಸಮೇತ, ದುಂಡಗೆ ಬರೆದೆ. ಅವಳಿಗೆ ಹೇಳಲಿಲ್ಲ.

ಮುಂದಿನ ಏಳು ವಾರ ಮೇಲ್‌ಬಾಕ್ಸೇ ನನ್ನ ದೇವರಾಯಿತು. ಪೋಸ್ಟಿನ ಗಾಡಿಯ ಸದ್ದು ಎರಡು ಬೀದಿ ಆಚೆಯಿಂದಲೇ ತಿಳಿಯುತ್ತಿತ್ತು. ಗುರುತಿಲ್ಲದ ಕಾರು ಪಾರ್ಕಿಂಗಿನಲ್ಲಿ ನಿಂತರೆ ಕಿಟಕಿಯಿಂದ ಪಕ್ಕಕ್ಕೆ ಸರಿಯುತ್ತಿದ್ದೆ. ಯಾರಾದರೂ ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಒಂದು ಸಲ ಅದು ಮಗಳು ತರಿಸಿದ ಪಿಜ್ಜಾ. ಯಾರೂ ತೆಗೆಯಲಿಲ್ಲ ಅಂತ ಅವನು ಬಾಗಿಲಲ್ಲಿಟ್ಟು ಹೋದ. ಬಚ್ಚಲಿನಿಂದ ಬಂದ ಮಗಳು ತಣ್ಣಗಾದ ಪಿಜ್ಜಾ ಎತ್ತಿಕೊಂಡು ನನ್ನನ್ನೇ ನೋಡಿದಳು.

ಆಗಸ್ಟಿನ ಕೊನೆಗೆ ತೀರ್ಮಾನ ಬಂತು. ಮಗಳೇ ಓದಿದಳು, ನಾನು ಕಣ್ಣು ಮುಚ್ಚಿ ಕೂತಿದ್ದೆ. ಮಾಹಿತಿಯ ಕೊರತೆಯಿಂದಾದ ತಪ್ಪು, ಮೋಸದ ಉದ್ದೇಶ ಕಾಣಲಿಲ್ಲ, ಹೆಚ್ಚಾಗಿ ಪಡೆದದ್ದನ್ನು ಮರಳಿಸತಕ್ಕದ್ದು. ಇಷ್ಟೇ. ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಅವತ್ತೇ ಪೂರ್ತಿ ಕಟ್ಟಿಬಿಟ್ಟೆವು. ಕಾಗದವನ್ನು ಸಿಟಿಜನ್‌ಷಿಪ್ಪಿನ ಇಂಟರ್‌ವ್ಯೂಗೆ ತೆಗೆದುಕೊಂಡು ಹೋಗಿ, ಕೇಳಿದರೆ ತೋರಿಸಿ ಎಂದು ಲಾಯರು ಹೇಳಿದರು. ಎಷ್ಟೋ ದಿನದ ಮೇಲೆ ಅವತ್ತು ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಊಟ ಮಾಡಿದ ಮೇಲೆಯೇ ಹುಡುಗಿಯ ನೆನಪಾಗಿದ್ದು. ಆ ವೇಳೆಗೆ ಅವಳಿಗೆ ಹೆರಿಗೆಯಾಗಿ ಹೆಣ್ಣುಮಗುವಾಗಿತ್ತು. ಕಾಗದವನ್ನೇ ತೆಗೆದುಕೊಂಡು ಹೋಗಿ ತೋರಿಸಿದೆ. ಎಲ್ಲ ಮುಗಿಯಿತು, ನಿನ್ನ ಹೆಸರಿನ ಮಾತೇ ಬಂದಿಲ್ಲ ನೋಡು ಎಂದೆ. ಅವಳು ಕಾಗದವನ್ನು ಮೇಲಿನಿಂದ ಕೆಳಗೆ ಓದಿ, ತಿರುವಿ ಹಿಂದಿನ ಪುಟವನ್ನೂ ಓದಿದಳು.

"ಹಾಗಾದ್ರೆ ಬರೆದ್ರಾ ಆಂಟಿ?"

ಬರೆದೆ ಎಂದೆ. ಅವಳು ತೊಟ್ಟಿಲಿನಲ್ಲಿದ್ದ ಮಗುವನ್ನು, ಅದು ಅಳದೇ ಇದ್ದರೂ, ಎತ್ತಿಕೊಂಡಳು.

ಸೆಪ್ಟೆಂಬರಿನಲ್ಲಿ ನಾಮಕರಣ. ನನ್ನನ್ನು ಕರೆಯುವುದಿಲ್ಲ ಅಂದುಕೊಂಡಿದ್ದೆ, ಕರೆದಳು. ಅಬ್ಬ, ಮನಸ್ಸು ತಿಳಿಯಾಗಿದೆ ಎಂದು ನನಗೆ ಖುಷಿಯೋ ಖುಷಿ. ಯಾವಾಗಿನಂತೆ ಒಂದು ಗಂಟೆ ಮುಂಚೆಯೇ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದೆ. ಅವಳ ವಾರಿಗೆಯ ಇಬ್ಬರು ಹುಡುಗಿಯರು ಒಬ್ಬಟ್ಟು ತಟ್ಟುತ್ತಿದ್ದರು. ಕಣಕ ಗಟ್ಟಿಯಾಗಿತ್ತು, ಹೂರಣ ಹೊರಗೆ ಬರುತ್ತಿತ್ತು. ಈಚೆ ಕೊಡಿ ಎಂದು ಕೈಹಾಕಿದೆ.

ಹಾಲಿನಿಂದ ಅವಳು ಓಡಿಬಂದಳು. ರೇಷ್ಮೆ ಸೀರೆ, ಮುಡಿ ತುಂಬ ಹೂವು. ನನ್ನ ಮಣಿಕಟ್ಟು ಹಿಡಿದುಕೊಂಡಳು. ಸಿಟ್ಟಿನಿಂದಲ್ಲ, ಅವಳ ಕೈ ಐಸಿನ ಹಾಗೆ ತಣ್ಣಗಿತ್ತು.

"ಆಂಟಿ, ನೀವು ಏನೂ ಮಾಡ್ಬೇಡಿ, ಪ್ಲೀಸ್. ಎಲ್ಲಾರೂ ಫೋಟೋ ತೆಗೀತಿದಾರೆ."

ಅವಳೇ ನನ್ನನ್ನು ಹಾಲಿಗೆ ಕರೆದುಕೊಂಡು ಹೋಗಿ, ಸೋಫಾದ ಮಧ್ಯದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂರಿಸಿದಳು. ಕೈಗೊಂದು ಜ್ಯೂಸಿನ ಲೋಟ ಕೊಟ್ಟಳು. ಆಮೇಲೆ ಮಗುವಿನ ಹತ್ತಿರ ಹೋದರೂ ನಿಮಿಷಕ್ಕೊಮ್ಮೆ ನನ್ನ ಕಡೆ ನೋಡುತ್ತಿದ್ದಳು, ನಾನು ಕೂತಲ್ಲೇ ಇದ್ದೇನೆಯೇ ಎಂದು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೆಲ್ಲ ಸೀದ ವಾಸನೆ ಬಂತು. ಕಾವಲಿ ತುಂಬಾ ಕಾದಿದೆ, ಉರಿ ಸಣ್ಣ ಮಾಡಬೇಕಿತ್ತು. ಎದ್ದು ಹೋಗುವುದು ಬೇಡ, ಕೂತಲ್ಲಿಂದಲೇ ಒಂದು ಕೂಗು ಹಾಕಿದ್ದರೆ ಸಾಕಾಗಿತ್ತು. ಅದೂ ಕೆಲಸದ ಲೆಕ್ಕಕ್ಕೆ ಬರುತ್ತದೋ ಏನೋ ಎಂದು ಆ ಬಾಣಂತಿ ಹೆದರಿಯಾಳು ಅನ್ನಿಸಿತು. ಬಾಯಿ ಮುಚ್ಚಿಕೊಂಡು ಕೂತೆ.